ಐಡಲ್‌ನಲ್ಲಿ ಇಂಜಿನ್ ಟಿಕ್ ಟಿಕ್: ಹೆಡ್ ಬಿಚ್ಚುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್, ಮ್ಯಾನ್ಯುಯಲ್ ಗೇರ್, 90,000 ಕಿ.ಮೀ. ಓಡಿದೆ. ಐಡಲ್‌ನಲ್ಲಿ ಟಿಕ್ ಟಿಕ್ ಸದ್ದು, ಜೊತೆಗೆ ಆಗಾಗ ತಗಡು ಅದುರಿದ ಹಾಗೆ ಇನ್ನೊಂದು. ರೇಸ್ ಕೊಟ್ಟರೆ ಎರಡನೆಯದು ನಿಲ್ಲುತ್ತದೆ. ಪಿಕಪ್ ಚೆನ್ನಾಗಿದೆ, ಯಾವ ಲೈಟೂ ಬಂದಿಲ್ಲ. ಹೆಡ್ (ವಾಲ್ವ್‌ಗಳಿರುವ ಇಂಜಿನ್ನಿನ ಮೇಲಿನ ಭಾಗ) ಬಿಚ್ಚಿ ನೋಡಬೇಕು ಅಂತ ಗ್ಯಾರೇಜಿನವರು ಅನ್ನುತ್ತಿದ್ದಾರೆ. ಅದಕ್ಕೆ ಮುಂಚೆ ನಾವೇ ಏನು ಪರೀಕ್ಷೆ ಮಾಡಬಹುದು?

ಉತ್ತರ: ಈಗಲೇ ಒಪ್ಪಬೇಡಿ. ಮೊದಲು ಆಯಿಲ್ ನೋಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ಒರೆಸಿ ಮತ್ತೆ ಅದ್ದಿ ತೆಗೆಯಿರಿ. ಬಹಳಷ್ಟು ಕಾರುಗಳಲ್ಲಿ ಕೆಳಗಿನ ಗುರುತಿನಿಂದ ಮೇಲಿನದಕ್ಕೆ ಸುಮಾರು 1 ಲೀಟರ್ ಅಂತರ. ಕಡಿಮೆಯಿದ್ದರೆ 250 ಮಿ.ಲೀ. ಹಾಕಿ, ಮತ್ತೆ ನೋಡಿ, ಮತ್ತೆ ಹಾಕಿ. ಒಂದೇ ಸಲ ಸುರಿದು ಗುರುತು ದಾಟಿಸಿದರೂ ತೊಂದರೆಯೇ: ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಆಯಿಲನ್ನು ಬಡಿದು ನೊರೆ ಎಬ್ಬಿಸುತ್ತದೆ, ಆ ಗಾಳಿ ಹೈಡ್ರಾಲಿಕ್ ಟ್ಯಾಪೆಟ್‌ಗೆ (ವಾಲ್ವ್ ಒತ್ತುವ ಭಾಗ, ಆಯಿಲ್ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳುತ್ತದೆ) ಸೇರಿ ಅದೇ ಟಿಕ್ ಟಿಕ್ ಶುರುವಾಗುತ್ತದೆ.

ಆಮೇಲೆ ಲಯ ಕೇಳಿ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ತಿರುಗುವುದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ. ಐಡಲ್ 800 ಆರ್‌ಪಿಎಂ ಇದ್ದರೆ ಒಂದೇ ಒಂದು ಟ್ಯಾಪೆಟ್‌ನ ಸದ್ದು ಸೆಕೆಂಡಿಗೆ ಆರೇಳು ಸಲ ಬರುತ್ತದೆ; ಕ್ರ್ಯಾಂಕ್‌ನ ಪ್ರತಿ ಸುತ್ತಿಗೂ ಬರುವ ಸದ್ದಾದರೆ ಹದಿಮೂರು. ಕಿವಿಗೆ ಎಣಿಸಲು ಆಗುವುದಿಲ್ಲ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ನಿಧಾನಗತಿಯಲ್ಲಿ ಕೇಳಿ.

ಜಾಗ ಹಿಡಿಯಲು ಉದ್ದನೆಯ ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಲೋಹದ ಭಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಹತ್ತಿರ ಇಡಿ. ಕೂದಲು, ತೋಳು, ದುಪಟ್ಟಾ ಬೆಲ್ಟ್‌ನಿಂದ ದೂರವಿರಲಿ. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರುವಾಗುತ್ತದೆ. ಪೆಟ್ರೋಲ್ ಸಿಂಪಡಿಸುವ ನಾಲ್ಕು ಇಂಜೆಕ್ಟರ್‌ಗಳಲ್ಲೂ ಒಂದೇ ಸಮನೆ ಚಿಟ್ ಚಿಟ್ ಬಂದರೆ ಅದು ಇಂಜೆಕ್ಟರಿನ ಸಹಜ ಸದ್ದು, ಕೈ ಹಚ್ಚಬೇಡಿ. ವಾಲ್ವ್ ಕವರ್‌ನ ಮೇಲೆ ಒಂದು ಕಡೆ ಮಾತ್ರ ಜೋರಾಗಿದ್ದರೆ ಟ್ಯಾಪೆಟ್ ಮೇಲೆ ಅನುಮಾನ. ಹೈಡ್ರಾಲಿಕ್ ಅಲ್ಲದ ಇಂಜಿನ್ನಾದರೆ ಪೂರ್ತಿ ತಣ್ಣಗಾದ ಮೇಲೆ ಕವರ್ ತೆಗೆದು ಫೀಲರ್ ಗೇಜ್‌ನಿಂದ (ಸಂದಿಗೆ ತೂರಿಸಿ ಅಳೆಯುವ ತೆಳು ಲೋಹದ ಪಟ್ಟಿಗಳು) ವಾಲ್ವ್ ಸಂದು ಅಳೆಯಬೇಕು. ಅಳತೆ ನಿಮ್ಮ ಕಾರಿನ ಮ್ಯಾನ್ಯುಯಲ್‌ನದ್ದೇ ಇರಲಿ. ಇಷ್ಟಕ್ಕೆ ವಾಲ್ವ್ ಕವರ್ ತೆಗೆದರೆ ಮುಗಿಯಿತು, ಹೆಡ್ ಎತ್ತಬೇಕಿಲ್ಲ.

ಉತ್ತರ: ರೇಸ್ ಕೊಟ್ಟಾಗ ನಿಲ್ಲುವ ತಗಡಿನ ಸದ್ದು ಹೆಚ್ಚಾಗಿ ಸೈಲೆನ್ಸರ್ ಪೈಪಿನ ಹೀಟ್ ಶೀಲ್ಡ್‌ನದು, ಅಂದರೆ ಶಾಖ ತಡೆಯುವ ತಗಡಿನದು. ಬೋಲ್ಟ್ ಹತ್ತಿರ ತಗಡು ತುಕ್ಕು ಹಿಡಿದು ತೂತು ದೊಡ್ಡದಾಗಿರುತ್ತದೆ. ಇಂಜಿನ್ ತಣ್ಣಗಿದ್ದಾಗ ಗುದ್ದಿ ನೋಡಿ, ಗಲಗಲ ಅಂದರೆ ಅದೇ. ಅಗಲವಾದ ವಾಷರ್ ಹಾಕಿ ಬಿಗಿಯಬಹುದು, ಅಥವಾ ಪೈಪಿನ ಸುತ್ತ ಸ್ಟೀಲ್ ಹೋಸ್ ಕ್ಲಾಂಪ್ ಹಾಕಬಹುದು. ಕಿತ್ತು ಬಿಸಾಡಬೇಡಿ, ಪಕ್ಕದ ವೈರು, ರಬ್ಬರ್ ಬೆಂದು ಹೋಗುತ್ತವೆ.

ಟಿಕ್ ಟಿಕ್ ಬೆಳಗ್ಗೆ ಜೋರಾಗಿದ್ದು ಇಂಜಿನ್ ಬಿಸಿಯಾದಂತೆ ಕಡಿಮೆಯಾಗುತ್ತದೆಯಾ? ಹಾಗಿದ್ದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿನಿಂದ ಹೊಗೆಯನ್ನು ಪೈಪಿಗೆ ಸೇರಿಸುವ ಭಾಗ) ಲೀಕ್ ಕೂಡ ನೋಡಿ. ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಆದ್ದರಿಂದ ಎಷ್ಟೋ ಸಲ ಇದನ್ನೇ ಟ್ಯಾಪೆಟ್ ಅಂದುಕೊಳ್ಳುತ್ತಾರೆ. ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ ಇದ್ದರೆ ಗುರುತು ಸಿಕ್ಕಿತು. ಇಲ್ಲದಿದ್ದರೆ ತಣ್ಣಗಿರುವಾಗ, ಇಂಜಿನ್ ಆಫ್ ಇಟ್ಟು, ಗಾಳಿ ಊದುವ ವ್ಯಾಕ್ಯೂಮ್ ಕ್ಲೀನರನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಹಿಡಿದು, ಮ್ಯಾನಿಫೋಲ್ಡ್ ಸುತ್ತ ಸೋಪು ನೀರು ಚಿಮುಕಿಸಿ. ಗುಳ್ಳೆ ಎದ್ದ ಜಾಗವೇ ಲೀಕ್. ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡದೆ ಸ್ಪ್ಯಾನರ್ ಹಚ್ಚಬೇಡಿ. ಸ್ಟಡ್ ತುಂಡಾದರೆ ಕೆಲಸ ಹತ್ತುಪಟ್ಟು.

ಉತ್ತರ: ಆಲ್ಟರ್ನೇಟರ್ ತಿರುಗಿಸುವ ಹೊರಗಿನ ಬೆಲ್ಟ್ ಕಡೆಯನ್ನು ಒಂದೇ ಪರೀಕ್ಷೆಯಲ್ಲಿ ತೀರ್ಮಾನಿಸಬಹುದು. ಬೆಲ್ಟ್ ಹಾದುಹೋಗುವ ದಾರಿಯ ಫೋಟೋ ತೆಗೆದುಕೊಂಡು ಅದನ್ನು ಕಳಚಿ, ತಣ್ಣನೆಯ ಇಂಜಿನ್ನನ್ನು 30 ಸೆಕೆಂಡ್ ಮಾತ್ರ ಓಡಿಸಿ. ವಾಟರ್ ಪಂಪ್ ಅದೇ ಬೆಲ್ಟ್‌ನಲ್ಲಿದ್ದರೆ ಕೂಲೆಂಟ್ ಹರಿಯುವುದಿಲ್ಲ, ಹೆಚ್ಚು ಹೊತ್ತು ಬೇಡ. ಟೈಮಿಂಗ್ ಬೆಲ್ಟ್ ಬೇರೆ, ಅದನ್ನು ಮುಟ್ಟಬಾರದು. ಬ್ಯಾಟರಿ ಲೈಟ್ ಬರುತ್ತದೆ, ಅದು ಸಹಜ. ಸದ್ದು ನಿಂತರೆ ಆಫ್ ಮಾಡಿ ಟೆನ್ಷನರ್ (ಬೆಲ್ಟ್ ಬಿಗಿ ಹಿಡಿಯುವುದು), ಐಡ್ಲರ್ (ಬೆಲ್ಟ್‌ಗೆ ದಾರಿ ತೋರುವುದು), ಆಲ್ಟರ್ನೇಟರ್ ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ. ಮರಳು ಸೇರಿದ ಹಾಗೆ ಗರಗರ ಅಂದರೆ ಅಥವಾ ಅಲುಗಾಡಿದರೆ ಬೇರಿಂಗ್ ಹೋಗಿದೆ. ಬೆಲ್ಟ್‌ಗೆ ಸ್ಪ್ರೇ ಹೊಡೆದು ಸದ್ದು ಅಡಗಿಸುವುದು ಬೇಡವೇ ಬೇಡ.

ಉತ್ತರ: ಮ್ಯಾನ್ಯುಯಲ್ ಗೇರ್ ಅಂದಿರಿ, ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ ನೋಡಿ. ಒತ್ತಿದಾಗ ಸದ್ದು ನಿಂತರೆ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಬೇರಿಂಗ್ ಅಥವಾ ಡ್ಯುಯಲ್ ಮಾಸ್ ಫ್ಲೈವೀಲ್ (ನಡುವೆ ಸ್ಪ್ರಿಂಗ್ ಇರುವ ಎರಡು ಭಾಗದ ಫ್ಲೈವೀಲ್), ಒತ್ತಿದಾಗ ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್.

ಪ್ರಶ್ನೆ: ದಪ್ಪ ಆಯಿಲ್ ಹಾಕಿದರೆ ಸರಿಹೋಗುತ್ತದೆ ಅಂತಲೂ ಒಬ್ಬರು ಹೇಳಿದರು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಸೆಕೆಂಡ್ ಗರ್ ಅನ್ನುವುದೂ ಇದೆ.

ಉತ್ತರ: ದಪ್ಪ ಆಯಿಲ್ ಸದ್ದನ್ನು ಮುಚ್ಚುತ್ತದೆ, ಸವೆತವನ್ನು ನಿಲ್ಲಿಸುವುದಿಲ್ಲ. ತಣ್ಣಗಿರುವಾಗ ಮೇಲಿನವರೆಗೆ ತಲುಪಲು ಇನ್ನೂ ತಡ ಮಾಡುತ್ತದೆ. ಮ್ಯಾನ್ಯುಯಲ್ ಹೇಳಿದ ಗ್ರೇಡನ್ನೇ ಹಾಕಿ. ಆ ಎರಡು ಸೆಕೆಂಡಿನ ಗರ್ ಸದ್ದಿಗೆ ಮೊದಲು ಆಯಿಲ್ ಫಿಲ್ಟರ್ ಬದಲಿಸಿ. ಒಳಗಿನ ರಬ್ಬರ್ ವಾಲ್ವ್ ಹಿಡಿಯದಿದ್ದರೆ ರಾತ್ರಿ ಆಯಿಲ್ ಕೆಳಗಿಳಿದು, ಬೆಳಗ್ಗೆ (ಟೈಮಿಂಗ್ ಬೆಲ್ಟ್ ಬದಲು ಟೈಮಿಂಗ್ ಚೈನ್ ಇರುವ ಇಂಜಿನ್ನಾದರೆ) ಚೈನ್ ಟೆನ್ಷನರ್‌ಗೆ ಒತ್ತಡ ತಡವಾಗಿ ಸಿಗುತ್ತದೆ. ಹೊಸ ಫಿಲ್ಟರ್ ಹಾಕಿದ ಮೇಲೂ ಸದ್ದು ಇದ್ದರೆ, ಅಥವಾ ಸ್ಕ್ಯಾನರ್‌ನಲ್ಲಿ ಪಿ0016 (ಕ್ರ್ಯಾಂಕ್, ಕ್ಯಾಮ್ ಹೊಂದಾಣಿಕೆ ತಪ್ಪಿದೆ ಅನ್ನುವ ಕೋಡ್) ಬಂದರೆ, ಟೈಮಿಂಗ್ ಚೈನ್ ಮತ್ತು ಟೆನ್ಷನರ್ ನೋಡಿಸಲೇಬೇಕು. ಚೈನ್ ಹಲ್ಲು ತಪ್ಪಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯಬಹುದು.

ಉತ್ತರ: ಒಂದು ಸದ್ದು ಕೇಳಿದರೆ ಮಾತ್ರ ಕಾಯುತ್ತಾ ಕೂರಬೇಡಿ. ಇಂಜಿನ್ನಿನ ತಳದಿಂದ ದಪ್ಪನೆಯ ಡಬ್ ಡಬ್ ಬಂದು, ಬಿಸಿಯಾದಾಗ, ಎಳೆತ ಬಿದ್ದಾಗ ಜೋರಾದರೆ ಅಥವಾ ಆಯಿಲ್ ಲೈಟ್ ಮಿನುಗಿದರೆ ತಕ್ಷಣ ಆಫ್ ಮಾಡಿ, ಟೋ ಮಾಡಿಸಿ. ಗ್ಯಾರೇಜಿನಲ್ಲಿ ಗೇಜ್ ಹಾಕಿ ಆಯಿಲ್ ಪ್ರೆಶರ್ ಅಳೆಸಿ. ಹಳೆಯ ಫಿಲ್ಟರನ್ನು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಹೊಳೆಯುವ ಚೂರು, ಅದರಲ್ಲೂ ತಾಮ್ರದ ಬಣ್ಣದ್ದು ಕಂಡರೆ ಬೇರಿಂಗ್ ಸವೆದಿದೆ ಅಂತ, ಆಗ ಬಿಚ್ಚಬೇಕಾದದ್ದು ಹೆಡ್ ಅಲ್ಲ, ಆಯಿಲ್ ತುಂಬಿರುವ ಕೆಳಗಿನ ಆಯಿಲ್ ಸಂಪ್.