ನರ್ಸಿಂಗ್ ಇನ್‌ಚಾರ್ಜ್ ಆಗುತ್ತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮಸ್ತೆ ಮೇಡಂ. ಆರು ವರ್ಷದಿಂದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಮುಂದಿನ ತಿಂಗಳಿಂದ ಇಲ್ಲೇ ಇನ್‌ಚಾರ್ಜ್. 40 ಜನ ಹಿರಿಯರು, 5 ಜನ ನರ್ಸ್‌ಗಳು, 12 ಜನ ಕೇರ್‌ಟೇಕರ್‌ಗಳು ಇದ್ದಾರೆ. ನಿನ್ನೆವರೆಗೆ ಜೊತೆಯಲ್ಲಿ ಡ್ಯೂಟಿ ಮಾಡಿದವರಿಗೆ ಈಗ ಕೆಲಸ ಹೇಳಬೇಕು. ಕೆಲವರು ನನಗಿಂತ ದೊಡ್ಡವರು. ಏನೂ ತೋಚುತ್ತಿಲ್ಲ.

ಉತ್ತರ: ಅಭಿನಂದನೆ ಸಿಸ್ಟರ್. ಮೊದಲು ಹ್ಯಾಂಡೋವರ್ ಹಿಡಿದುಕೊಳ್ಳಿ. ಪಾಳಿ ಬದಲಾಗುವಾಗ ಟೇಬಲ್ ಮುಂದೆ ಕೂತು ರಿಪೋರ್ಟ್ ಓದಿಸಬೇಡಿ. ಒಂದೊಂದೇ ಹಾಸಿಗೆ ಹತ್ತಿರ ಹೋಗಿ ಕೇಳಿ. ಕೇರ್‌ಟೇಕರ್‌ಗಳೂ ಜೊತೆಗಿರಲಿ. ಮೊದಲು ಅವರು ಹೇಳಲಿ, ಆಮೇಲೆ ನರ್ಸ್. ಸ್ನಾನ ಮಾಡಿಸುವವರು, ಊಟ ಮಾಡಿಸುವವರು ಅವರೇ ಅಲ್ವಾ?

ಇದನ್ನು ನಾನು ಕಲಿತದ್ದು ತಡವಾಗಿ. ನಾನು ಹೊಸದಾಗಿ ಇನ್‌ಚಾರ್ಜ್ ಆಗಿದ್ದಾಗ ಒಬ್ಬರು ಅಜ್ಜಿ ಇದ್ದರು. ದಿನವಿಡೀ ಮಾತು ಅವರದು. ಮೂರು ದಿನ ಸದ್ದೇ ಇರಲಿಲ್ಲ. ರಿಪೋರ್ಟ್ ಪುಸ್ತಕದಲ್ಲಿ ಪ್ರತಿ ಪಾಳಿಯಲ್ಲೂ "ಶಾಂತವಾಗಿದ್ದಾರೆ, ಚೆನ್ನಾಗಿ ನಿದ್ದೆ ಮಾಡಿದರು" ಅಂತ ಬರೆದಿತ್ತು. ನಾನೂ ಸಹಿ ಹಾಕಿದೆ. ನಾಲ್ಕನೇ ದಿನ ಒಬ್ಬಳು ಕೇರ್‌ಟೇಕರ್ ಬಂದು, "ಸಿಸ್ಟರ್, ಅಜ್ಜಿ ತುತ್ತು ಬಾಯಲ್ಲಿ ಇಟ್ಕೊಂಡು ಹಾಗೇ ಕೂತಿರ್ತಾರೆ. ನುಂಗೋದೇ ಮರೆತೋದ ಹಾಗೆ" ಅಂದಳು. ಅದು ಡೆಲಿರಿಯಂ, ಅಂದರೆ ಕಾಯಿಲೆಯಿಂದ ಇದ್ದಕ್ಕಿದ್ದಂತೆ ಬುದ್ಧಿ ಗೊಂದಲವಾಗುವುದು. ಮೂತ್ರದ ಸೋಂಕಿನಿಂದ ಬಂದಿತ್ತು. ಡೆಲಿರಿಯಂ ಅಂದರೆ ಕೂಗಾಟ, ಕಿತ್ತಾಟ ಅಂತ ಅಂದುಕೊಳ್ಳುತ್ತೇವೆ. ಸುಮ್ನೆ ಮಂಕಾಗಿ ಮಲಗುವ ಬಗೆಯೂ ಇದೆ. ಜಾಸ್ತಿ ಕಣ್ಣು ತಪ್ಪುವುದು ಅದೇ. ಆ ಹುಡುಗಿ ಎರಡು ದಿನ ಮೊದಲೇ ನೋಡಿದ್ದಳಂತೆ. ಹೇಳಿದರೆ ಬೈಯಬಹುದು ಅಂತ ಸುಮ್ಮನಿದ್ದಳು. ಆ ಎರಡು ದಿನ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿಮಗಿಂತ ದೊಡ್ಡವರ ಹತ್ತಿರ ಒಬ್ಬೊಬ್ಬರಾಗಿ ಮಾತಾಡಿ. "ಅಕ್ಕ, ಇಲ್ಲಿ ಯಾವುದು ಸರಿಯಿಲ್ಲ ಹೇಳಿ" ಅಂತ ಕೇಳಿ ಬರೆದುಕೊಳ್ಳಿ. ಗ್ಲೌಸ್ ಸಾಲುತ್ತಿಲ್ಲ, ವೀಲ್‌ಚೇರ್ ಬ್ರೇಕ್ ಹಿಡಿಯುತ್ತಿಲ್ಲ, ನನಗೇ ರಾತ್ರಿ ಪಾಳಿ ಜಾಸ್ತಿ ಬರುತ್ತದೆ, ಇಂಥವೇ ಇರುತ್ತವೆ. ಒಂದನ್ನಾದರೂ ಮೊದಲ ತಿಂಗಳಲ್ಲೇ ಸರಿ ಮಾಡಿ. ಹೊಸ ನಿಯಮ ಆಮೇಲೆ ನೋಡೋಣ.

ಇನ್ನೊಬ್ಬರ ಪ್ರಶ್ನೆ: ನಮ್ಮಲ್ಲಿ ಮಗ್ಗುಲು ಬದಲಿಸುವ ಚಾರ್ಟ್ ಪಕ್ಕಾ ಇದೆ. ಆದರೂ ಬೆಡ್‌ಸೋರ್ (ಮಲಗಿದ ಕಡೆಯೇ ಒತ್ತಿ ಆಗುವ ಹುಣ್ಣು) ಆಗುತ್ತಿದೆ. ಯಾಕೆ?

ಉತ್ತರ: ಚಾರ್ಟ್ ಅನ್ನು ಒಮ್ಮೆ ಹತ್ತಿರದಿಂದ ನೋಡಿ. ರಾತ್ರಿಯಿಡೀ ಎರಡೆರಡು ಗಂಟೆಗೆ ಸರಿಯಾಗಿ ಟಿಕ್, ಒಂದೇ ಪೆನ್, ಒಂದೇ ಓರೆ ಇದ್ದರೆ ಅದು ಬೆಳಗಿನ ಜಾವ ಒಟ್ಟಿಗೆ ತುಂಬಿದ್ದಿರಬಹುದು. ಯಾರು ತುಂಬಿದರು ಅಂತ ಹುಡುಕುವ ಮೊದಲು ಆ ರಾತ್ರಿ ಎಷ್ಟು ಜನ ಇದ್ದರು ಅಂತ ಕೇಳಿ. ಒಬ್ಬಳೇ ಇದ್ದರೆ ಭಾರದ ಮನುಷ್ಯನನ್ನು ಹೊರಳಿಸುವುದು ಹೇಗೆ? ಎಲ್ಲರಿಗೂ ಒಂದೇ ಅವಧಿಯೂ ಬೇಡ. ಡೊರೀನ್ ನಾರ್ಟನ್ ಅನ್ನುವ ನರ್ಸ್ ಮತ್ತು ಜೊತೆಯವರು 1962ರಲ್ಲೇ ಹಿರಿಯ ರೋಗಿಗಳನ್ನು ಗಮನಿಸಿ, ಯಾರಿಗೆ ಬೆಡ್‌ಸೋರ್ ಆಗಬಹುದು ಅಂತ ತಿಳಿಯಲು ಒಂದು ಅಳತೆ ಕೊಟ್ಟರು. ದೇಹಸ್ಥಿತಿ, ಮನಸ್ಸಿನ ಎಚ್ಚರ, ನಡಿಗೆ, ಅಲುಗಾಡುವ ಶಕ್ತಿ, ಮಲಮೂತ್ರದ ಹಿಡಿತ, ಒಂದೊಂದಕ್ಕೂ 1ರಿಂದ 4 ಅಂಕ. ಒಟ್ಟು 14 ಅಥವಾ ಕಡಿಮೆ ಬಂದರೆ ಅಪಾಯ. ಅವರ ಕಡೆ ಮೊದಲು ಕೈ ಹಾಕಿ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಇಡಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದಿಲ್ಲ, ಮುಟ್ಟಿ ನೋಡಲು ಕಲಿಸಿ. ಸುತ್ತಲಿನ ಚರ್ಮಕ್ಕಿಂತ ಬಿಸಿ ಅಥವಾ ಗಟ್ಟಿ ಅನಿಸಿದರೆ ಅಲ್ಲಿ ಶುರುವಾಗಿದೆ ಅಂತಲೇ ತಿಳಿಯಿರಿ.

ಮೊದಲು ಕೇಳಿದವರ ಮರುಪ್ರಶ್ನೆ: ಮೇಡಂ, ಕಳೆದ ವಾರ ರಾತ್ರಿ ಪಾಳಿಯಲ್ಲಿ ಒಬ್ಬರ ಬಿಪಿ ಮಾತ್ರೆ ಇನ್ನೊಬ್ಬ ತಾತನಿಗೆ ಹೋಯಿತು. ಸಿಸ್ಟರ್ ಬೆಳಿಗ್ಗೆ ಹೇಳಿದಳು. ಬೈಯದಿದ್ದರೆ ಸಡಿಲ ಆಗುವುದಿಲ್ವಾ?

ಉತ್ತರ: ಬೈದರೆ ಮುಂದಿನ ಸಲ ಬೆಳಿಗ್ಗೆಯೂ ಹೇಳುವುದಿಲ್ಲ. ಇಂಥದ್ದು ಆದಾಗ ಮೊದಲು ತಾತನ ಬಿಪಿ, ಆಮೇಲೆ ಡಾಕ್ಟರ್‌ಗೆ ಫೋನ್, ಮನೆಯವರಿಗೆ ನಿಜ ಹೇಳುವುದು, ಆಗಿದ್ದನ್ನು ಆಗಿದ್ದ ಹಾಗೆ ಬರೆಯುವುದು. ಇದರಲ್ಲಿ ಬಿಡುವಂಥದ್ದು ಯಾವುದೂ ಇಲ್ಲ. ಆಮೇಲೆ ಅವಳ ಜೊತೆ ಕೂತು ಆ ಹೊತ್ತನ್ನು ಮತ್ತೆ ನಡೆಸಿ ನೋಡಿ. ಮಾತ್ರೆಗಳನ್ನು ಮೊದಲೇ ಕಪ್‌ಗಳಲ್ಲಿ ಹಾಕಿಟ್ಟಿದ್ದಳಾ? ನಡುವೆ ಯಾರಾದರೂ ಕರೆದರಾ? ಹಾಗಿದ್ದರೆ ಸರಿ ಮಾಡಬೇಕಾದದ್ದು ಅದನ್ನು. ಮಾತ್ರೆ ಕೊಡುವ ಹೊತ್ತಿನಲ್ಲಿ ಆ ನರ್ಸ್‌ನ್ನು ಬೇರೆ ಕೆಲಸಕ್ಕೆ ಕರೆಯಬಾರದು. ಔಷಧಿ ಹಾಳೆಯಲ್ಲಿ ಫೋಟೋ ಇರಲಿ. ಇನ್ಸುಲಿನ್ ಕೊಡುವಾಗ ಇಬ್ಬರು ನೋಡಲಿ. ಕೊಡದ ಮಾತ್ರೆಗೆ ಸಹಿ ಹಾಕಿದರೆ ಅದು ಬೇರೆ ಮಾತು, ಅಲ್ಲಿ ಬಿಗಿಯಾಗಿರಿ. ಈ ಹುಡುಗಿ ಬಂದು ಹೇಳಿದ್ದಾಳೆ.

ಮೊದಲು ಕೇಳಿದವರು: ಸರಿ ಮೇಡಂ. ತಾತ ಆರಾಮಾಗಿದ್ದಾರೆ. ಅವಳು ಮಾತ್ರ ಅಂದಿನಿಂದ ಡ್ಯೂಟಿಗೇ ಬಂದಿಲ್ಲ. ಬಂದಾಗ ಮಾತಾಡ್ತೀನಿ.

ಉತ್ತರ: ಬರುವವರೆಗೆ ಕಾಯಬೇಡಿ. ಇವತ್ತೇ ಫೋನ್ ಮಾಡಿ. ತಾತ ಆರಾಮಾಗಿದ್ದಾರೆ ಅನ್ನುವುದನ್ನು ಮೊದಲು ಹೇಳಿ.