ಬಿಳಿಬಾಲದ ಜಿಂಕೆಯ ದವಡೆ: 2.5 ವರ್ಷವೋ 4.5 ವರ್ಷವೋ?

ಕಾಡುಹಾದಿ: ಅಮೆರಿಕದ ಪೆನ್ಸಿಲ್ವೇನಿಯಾ, ನವೆಂಬರ್ ಕೊನೆಯ ವಾರದ ಬೇಟೆ. ಗಂಡು, ಕೊಂಬಿಗೆ ಎಂಟು ಕವಲು, ಬುಡ ದಪ್ಪ. ಕೆಳದವಡೆಯ ಒಂದು ಬದಿಯಲ್ಲಿ ಆರು ದವಡೆಹಲ್ಲು ಬಂದಿವೆ, ಮೂರನೆಯದಕ್ಕೆ ಎರಡೇ ಉಬ್ಬು. ಹಲ್ಲು ನೋಡಿ ವಯಸ್ಸು ಹೇಳುವ ಚಾರ್ಟ್ ಹಿಡಿದು ಒಬ್ಬರು 2.5 ಅಂದರೆ ಇನ್ನೊಬ್ಬರು 4.5 ಅನ್ನುತ್ತಾರೆ. ಎಲ್ಲಿ ತಪ್ಪುತ್ತಿದೆ?

ದವಡೆಪಂಡಿತ: ಮೊದಲು ಕೊಂಬನ್ನು ಲೆಕ್ಕದಿಂದ ತೆಗೆಯಿರಿ. ಮೇವು ಚೆನ್ನಾಗಿದ್ದರೆ 1.5 ವರ್ಷದ್ದಕ್ಕೂ ಎಂಟು ಕವಲು ಬಂದೀತು. ಹಲ್ಲನ್ನು ಮುಂದಿನಿಂದ ಎಣಿಸಿ. ಮೂರನೆಯದು ಹಾಲುಹಲ್ಲಾಗಿದ್ದರೆ ಮೂರು ಉಬ್ಬು ಇರುತ್ತಿತ್ತು. ಅದು ಬಿದ್ದು ಎರಡು ಉಬ್ಬಿನದು ಬರುವುದು ಸುಮಾರು 18-19 ತಿಂಗಳಿಗೆ. ಮೇ ಕೊನೆಗೆ ಹುಟ್ಟಿದ ಮರಿಗೆ ಮರುವರ್ಷದ ನವೆಂಬರ್ ಕೊನೆಗೆ ಸರಿಯಾಗಿ ಅಷ್ಟೇ ಆಗುತ್ತದೆ! ಹಾಗಾಗಿ ಆ ಹಲ್ಲು ಪಕ್ಕದವಕ್ಕಿಂತ ಬೆಳ್ಳಗೆ, ಸವೆಯದೆ, ಅರ್ಧ ಮೇಲೆದ್ದಂತಿದ್ದರೆ ಅದು 1.5. ಬಣ್ಣ ಹಿಡಿದು ಸಮ ಎತ್ತರಕ್ಕೆ ಬಂದಿದ್ದರೆ ಮುಂದಕ್ಕೆ ಹೋಗಿ.

ಹಳೇ ಟೂತ್‌ಬ್ರಶ್ಶಿನಿಂದ ತಿಕ್ಕಿ ತೊಳೆದು, ಒಣಗಿಸಿ, ಕೆನ್ನೆಯ ಕಡೆಯಲ್ಲ, ನಾಲಿಗೆಯ ಕಡೆಯ ಏಣು ನೋಡಿ. ಬಹುತೇಕ ಗೊಂದಲ ಹುಟ್ಟುವುದು ಇಲ್ಲೇ. ಬಿಳಿ ಪಟ್ಟಿ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ), ನಡುವಿನ ಕಂದು ಗೆರೆ ಡೆಂಟಿನ್ (ಅದರ ಒಳಗಿನ ಪದರ). ಸವೆದಷ್ಟೂ ಕಂದು ಅಗಲವಾಗುತ್ತದೆ. ನಾಲ್ಕನೇ ಹಲ್ಲಿನಲ್ಲಿ ಕಂದು ಬಿಳಿಗಿಂತ ಸಪೂರವಿದ್ದರೆ 2.5. ನಾಲ್ಕನೆಯದರಲ್ಲಿ ಅಗಲ, ಐದನೆಯದರಲ್ಲಿ ಇನ್ನೂ ಸಪೂರವಿದ್ದರೆ 3.5. ಐದನೆಯದರಲ್ಲೂ ಅಗಲವಾದರೆ 4.5 ಅಥವಾ ಮೇಲೆ.

ಕಾಡುಹಾದಿ: ಮೂರನೆಯದಕ್ಕೆ ಬಣ್ಣ ಹಿಡಿದಿದೆ, ಸಮ ಎತ್ತರ. ನಾಲ್ಕರಲ್ಲಿ ಕಂದು ಸ್ಪಷ್ಟವಾಗಿ ಅಗಲ, ಐದರಲ್ಲಿ ಸಪೂರ. ಹಾಗಾದರೆ 3.5 ಖಚಿತವೇ?

ದವಡೆಪಂಡಿತ: 3.5 ಎಂದು ಬರೆದುಕೊಳ್ಳಿ, ಆಣೆ ಮಾಡಬೇಡಿ. ಹಲ್ಲು ಬದಲಾಗುವ ಹಂತ ವಯಸ್ಸನ್ನು ನಿಖರವಾಗಿ ಹೇಳುತ್ತದೆ, ಸವೆತ ಹೇಳುವುದಿಲ್ಲ. ಮರಳು ನೆಲದಲ್ಲಿ ಮೇದ ಜಿಂಕೆಯ ಹಲ್ಲು ಬೇಗ ಸವೆಯುತ್ತದೆ. ಈ ಚಾರ್ಟಿನ ಮೂಲ 1949ರ ನ್ಯೂಯಾರ್ಕ್ ಕೆಲಸ, ಟೆಕ್ಸಾಸಿನ ದವಡೆಗೆ ಹಾಗೇ ಹೊಂದುವುದಿಲ್ಲ. ನನ್ನ ಮಟ್ಟಿಗೆ 1.5, 2.5, '3.5 ಮತ್ತು ಮೇಲೆ' ಎಂಬ ಮೂರೇ ಗುಂಪು ಸಾಕು.

ಹಲ್ಲೆಣಿಕೆ: ವರ್ಷವೇ ಬೇಕೆಂದರೆ ಕೆಳಗಿನ ನಡುವಿನ ಎರಡು ಬಾಚಿಹಲ್ಲು ತೆಗೆದು ಮೊಂಟಾನಾದ ಮ್ಯಾಟ್ಸನ್ಸ್‌ನಂಥ ಲ್ಯಾಬಿಗೆ ಕಳಿಸಿ. ಬೇರನ್ನು ಹೊದ್ದಿರುವ ಸಿಮೆಂಟಮ್ ಪದರವನ್ನು ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಚಳಿಗಾಲದ ಕಪ್ಪು ಗೆರೆಗಳನ್ನು ಎಣಿಸುತ್ತಾರೆ. ಕೀಳುವಾಗ ಬೇರಿನ ತುದಿ ಮುರಿದರೆ ಹಲ್ಲು ಕೆಟ್ಟಂತೆ. ಸಣ್ಣ ಅಲಗಿನ ಚಾಕುವಿನಿಂದ ಬೇರಿನ ಎರಡೂ ಬದಿಯ ಒಸಡು ಬಿಡಿಸಿ, ಅಲುಗಾಡಿಸಿ, ಆಮೇಲೆ ಎಳೆಯಿರಿ. ಬ್ಲೀಚ್ ಬೇಡ. ಪ್ಲಾಸ್ಟಿಕ್ಕಿನಲ್ಲಿ ಬೂಸು ಬರುತ್ತದೆ, ಕಾಗದದ ಕವರ್ ಸಾಕು. ಗ್ಲೌಸ್ ಹಾಕಿಕೊಳ್ಳಿ. ಸಿಡಬ್ಲ್ಯುಡಿ (ಜಿಂಕೆಗಳ ಮಿದುಳಿಗೆ ತಗಲುವ ಮಾರಕ ರೋಗ) ವಲಯದಿಂದ ತಲೆಯನ್ನು ಹೊರಗೊಯ್ಯಲು ನಿರ್ಬಂಧವಿರಬಹುದು, ನಿಯಮ ನೋಡಿಕೊಂಡೇ ಮುಂದುವರಿಯಿರಿ.

ಮಲೆಗಾಳಿ: ಇದೇ ಚಾರ್ಟ್ ನಮ್ಮ ಚುಕ್ಕೆ ಜಿಂಕೆಗೂ ನಡೆಯುತ್ತದೆಯೇ?

ದವಡೆಪಂಡಿತ: ಇಲ್ಲ, ಅದು ಬೇರೆ ಪ್ರಾಣಿ. ಇನ್ನೊಂದು ಮಾತು, ಊರಲ್ಲಿ ಅದರ ದವಡೆಯನ್ನು ಮನೆಗೆ ತಂದಿಟ್ಟುಕೊಳ್ಳುವುದೇ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಕಾಡಲ್ಲಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.