ಅಪ್ಪ ಉಯಿಲನ್ನು ಪೆನ್ನಿನಲ್ಲೇ ತಿದ್ದಿಟ್ಟಿದ್ದಾರೆ, ಇದು ನಡೆಯುತ್ತಾ?

ಮಕ್ಕಂದೂರು ಕಡೆಯವ

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಕಾಫಿ ತೋಟ. ಅಪ್ಪನಿಗೆ ಈಗ 76. 2009ರಲ್ಲಿ ಉಯಿಲು ಬರೆಸಿ ಮಡಿಕೇರಿಯಲ್ಲಿ ರಿಜಿಸ್ಟರ್ ಮಾಡಿಸಿದ್ದರು. ಮೇಲಿನ ತೋಟ ತಮ್ಮನಿಗೆ, ಮನೆ ಮತ್ತು ಕೆಳಗಿನ ತೋಟ ನನಗೆ, ಕುಶಾಲನಗರದ ಸೈಟು ತಂಗಿಗೆ. ಎಲ್ಲಾ ಅಪ್ಪ ಸ್ವಂತ ದುಡಿದು ತೆಗೆದದ್ದು.

ಆಮೇಲೆ ಯಾರೂ ಅದನ್ನು ಬಿಚ್ಚಿ ನೋಡಿರಲಿಲ್ಲ. ಅಮ್ಮನ ಆಸ್ಪತ್ರೆ ಖರ್ಚಿಗೆ ಅಂತ ಸೈಟನ್ನು 2016ರಲ್ಲೇ ಮಾರಿದೆವು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮೇಲಿನ ತೋಟದ ಮುಕ್ಕಾಲು ಭಾಗ ಹೊಳೆ ಪಾಲಾಯಿತು, ಪಹಣಿಯಲ್ಲಿ ಮಾತ್ರ ಈಗಲೂ ಪೂರ್ತಿ ಇದೆ! ತಮ್ಮ ಮೂರು ವರ್ಷದ ಹಿಂದೆ ತೀರಿಕೊಂಡ. ಅವನ ಹೆಂಡತಿ, ಮಗಳು ನಮ್ಮ ಜೊತೆಗೇ ಇದ್ದಾರೆ.

ಮೊನ್ನೆ ಟ್ರಂಕಿನಿಂದ ತೆಗೆದು ನೋಡಿದರೆ, ತಮ್ಮನ ಹೆಸರಿನ ಮೇಲೆ ನೀಲಿ ಪೆನ್ನಿನಲ್ಲಿ ಒಂದು ಗೆರೆ ಎಳೆದು ಪಕ್ಕದಲ್ಲಿ ಮೊಮ್ಮಗಳ ಹೆಸರು ಬರೆದಿದ್ದಾರೆ. ಸೈಟಿನ ಸಾಲಿಗೂ ಗೆರೆ. ಸಹಿ ಇಲ್ಲ, ತಾರೀಖು ಇಲ್ಲ. ಕೇಳಿದರೆ "ನನ್ನ ಉಯಿಲು, ನಾನೇ ತಿದ್ದಿದೆ, ಮತ್ತೇನು" ಅಂತಾರೆ. ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರು ಈಗಿಲ್ಲ. ತಂಗಿ ಇಲ್ಲಿತನಕ ಒಂದು ಮಾತೂ ಕೇಳಿಲ್ಲ, ನನಗೆ ಅದೇ ಜಾಸ್ತಿ ಕಷ್ಟ ಆಗ್ತಿರೋದು.

ಹಳೇ ಪತ್ರ ಬರಹಗಾರ

ತಮ್ಮಾ, ನಡೆಯುವುದಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 71ನೇ ಸೆಕ್ಷನ್ ಇದಕ್ಕೇ ಇರುವುದು. ಬರೆದು ಮುಗಿದ ಉಯಿಲನ್ನು ತಿದ್ದಿದರೆ, ತಿದ್ದಿದ ಜಾಗದ ಹತ್ತಿರವೇ ಅಪ್ಪನ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಬೇಕು. ಗೆರೆಯ ಕೆಳಗೆ ತಮ್ಮನ ಹೆಸರು ಓದಲು ಬರುತ್ತದಲ್ವಾ? ಹಾಗಾದರೆ ಹಳೇ ಹೆಸರೇ ಲೆಕ್ಕ. ಸಬ್ ರಿಜಿಸ್ಟ್ರಾರ್ ಆಫೀಸಿನ ಪುಸ್ತಕದಲ್ಲಂತೂ ಗೆರೆಯೇ ಇಲ್ಲ.

ತಮ್ಮನಿಗೆ ಮಗಳಿರುವುದರಿಂದ ಅವನ ಪಾಲು ಹಾಗೇ ಬಿದ್ದುಹೋಗುವುದಿಲ್ಲ. ಅಪ್ಪ ಹೋದ ಮರುಕ್ಷಣ ಅವನು ತೀರಿಕೊಂಡ ಅಂತ ಭಾವಿಸಿ ಅವನ ವಾರಸುದಾರರಿಗೆ ಹೋಗುತ್ತದೆ, ಅದು 109ನೇ ಸೆಕ್ಷನ್. ಅಂದರೆ ಮಗಳಿಗೆ ಮಾತ್ರ ಅಲ್ಲ, ಹೆಂಡತಿಗೂ. ಅಪ್ಪ ಬರೆದಿರುವುದು ಮೊಮ್ಮಗಳೊಬ್ಬಳ ಹೆಸರು. ಅವರ ಮನಸ್ಸಿನಲ್ಲಿ ನಿಜಕ್ಕೂ ಏನಿದೆ ಅಂತ ಕೂರಿಸಿ ಕೇಳಿ.

ತಂಗಿಯದ್ದು ಕೆಟ್ಟ ಸುದ್ದಿ. ಇಂಥ ಸೈಟು ಇಂಥವರಿಗೆ ಅಂತ ಬರೆದ ಮೇಲೆ ಆ ಸೈಟೇ ಮಾರಿಹೋದರೆ ಅವಳಿಗೆ ಏನೂ ಬರುವುದಿಲ್ಲ, ಬದಲಿಗೆ ಬೇರೆ ಕೊಡಿ ಅಂತ ಕೇಳುವ ಹಾಗೂ ಇಲ್ಲ.

ಒಂದೆರಡು ಬದಲಾವಣೆ ಆಗಿದ್ದರೆ ಪುರವಣಿ, ಅಂದರೆ ಹಳೇ ಉಯಿಲಿಗೆ ಸೇರಿಸುವ ತಿದ್ದುಪಡಿ ಪತ್ರ, ಸಾಕಿತ್ತು. ನಿಮಗೆ ಹೊಸ ಉಯಿಲೇ ಬೇಕು. "2009ರ ಇಂಥ ನಂಬರಿನ ಉಯಿಲನ್ನು ರದ್ದು ಮಾಡಿದ್ದೇನೆ" ಅಂತ ಮೊದಲ ಪ್ಯಾರಾದಲ್ಲೇ ಇರಲಿ. ಸ್ಟಾಂಪ್ ಡ್ಯೂಟಿ ಇಲ್ಲ. ರಿಜಿಸ್ಟರ್ ಕಡ್ಡಾಯ ಅಲ್ಲ, ಆದರೂ ಮಾಡಿಸಿ. ಸಾಕ್ಷಿ ಸತ್ತರೆ ಉಯಿಲು ಸಾಯುವುದಿಲ್ಲ, ಆದರೆ ನಾಳೆ ಕೋರ್ಟಿಗೆ ಹೋದರೆ ಬದುಕಿರುವ ಸಾಕ್ಷಿಯನ್ನು ಕರೆಸಬೇಕಾಗುತ್ತದೆ. ಹಾಗಾಗಿ ಈ ಸಲ ಅಪ್ಪನ ವಯಸ್ಸಿನ ಸ್ನೇಹಿತರು ಬೇಡ, ನಲವತ್ತರ ಆಸುಪಾಸಿನವರನ್ನು ಹಿಡಿಯಿರಿ. ಪಾಲು ಸಿಗುವವರು ಯಾರೂ ಸಾಕ್ಷಿ ಹಾಕಬಾರದು.

ಸಿದ್ದಾಪುರದ ಅಕ್ಕ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. "ಮೇಲೆ ಹೇಳದ, ಮುಂದೆ ನನ್ನ ಹೆಸರಿಗೆ ಬರುವ ಎಲ್ಲಾ ಆಸ್ತಿ ಇಂಥವರಿಗೆ" ಅನ್ನುವ ಒಂದು ಸಾಲು ಹಾಕಿಸಿ. ನಮ್ಮ ಮಾವ ಉಯಿಲು ಬರೆದ ಎರಡು ವರ್ಷಕ್ಕೆ ಪಕ್ಕದ ಒಂದೂವರೆ ಎಕರೆ ರೋಬಸ್ಟಾ ತೋಟ ತೆಗೆದುಕೊಂಡರು. ಉಯಿಲಿನಲ್ಲಿ ಅದರ ಮಾತೇ ಇಲ್ಲ. ಅವರು ಹೋದಮೇಲೆ ಆ ಒಂದೂವರೆ ಎಕರೆಗೆ ಅತ್ತೆಯೂ ಸೇರಿ ಆರು ಪಾಲುದಾರರು. ಕಾಫಿ ಕುಯ್ಯೋಕೆ ಯಾರು ಆಳು ಕಳಿಸೋದು ಅನ್ನೋದಕ್ಕೂ ಜಗಳ, ಒಂದು ವರ್ಷ ಹಣ್ಣು ಗಿಡದಲ್ಲೇ ಒಣಗಿ ಉದುರಿತು. ಬಳ್ಳಿಯ ಒಳ್ಳೆಮೆಣಸು ಯಾರು ಕುಯ್ದುಕೊಂಡು ಹೋದರು ಅಂತ ಇವತ್ತಿಗೂ ಗೊತ್ತಿಲ್ಲ.

ಹಾಗೇ ಬ್ಯಾಂಕ್ ಪಾಸ್‌ಬುಕ್ಕಿನ ನಾಮಿನಿಯನ್ನೂ ನೋಡಿ. ಅಲ್ಲಿ ಇನ್ನೂ ಅಮ್ಮನ ಹೆಸರೇ ಇರುತ್ತದೆ, ಬೇಕಾದರೆ ಬೆಟ್ಟು ಕಟ್ಟುತ್ತೇನೆ.

ಗೋಣಿಕೊಪ್ಪ ಸಂತೆ

ಇಷ್ಟೆಲ್ಲಾ ಯಾಕೆ, ಈಗಲೇ ದಾನಪತ್ರ ಮಾಡಿ ಮೂವರಿಗೂ ಹಂಚಿಬಿಡಿ. ಗಲಾಟೆಯೇ ಇಲ್ಲ.

ಹಳೇ ಪತ್ರ ಬರಹಗಾರ

ಸಂತೆಯವರೇ, ದಾನಪತ್ರ ರಿಜಿಸ್ಟರ್ ಆದ ದಿನವೇ ಆಸ್ತಿ ಕೈ ಬಿಡುತ್ತದೆ. ಆಮೇಲೆ ಮನಸ್ಸು ಬದಲಾಯಿತು ಅಂದರೆ ಸುಮ್ನೆ ವಾಪಸ್ ಬರುವುದಿಲ್ಲ. ಉಯಿಲನ್ನು ಬುದ್ಧಿ ನೆಟ್ಟಗಿರುವ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು. 76ರ ಮನುಷ್ಯ ತನ್ನ ತೋಟದಲ್ಲೇ ಇನ್ನೊಬ್ಬರ ಮರ್ಜಿಯಲ್ಲಿ ಇರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮಕ್ಕಂದೂರಿನವರೇ, ಮನೆತನದ ಜಮ್ಮಾ ಗದ್ದೆ, ಅಂದರೆ ಕೊಡಗಿನಲ್ಲಿ ಇಡೀ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು, ಏನಾದರೂ ಇದೆಯಾ? ಇದ್ದರೆ ದಾಖಲೆಯಲ್ಲಿ ಪಟ್ಟೆದಾರ (ಕುಟುಂಬದ ಪರವಾಗಿ ಹೆಸರಿರುವವರು) ಅಂತ ಅಪ್ಪನ ಹೆಸರಿದ್ದ ಮಾತ್ರಕ್ಕೆ ಅದನ್ನು ಸ್ವಂತದ್ದು ಅಂತ ಬರೆಯುವ ಹಾಗಿಲ್ಲ, ವಕೀಲರಿಗೆ ಮೊದಲೇ ಹೇಳಿ.

ಮಕ್ಕಂದೂರು ಕಡೆಯವ

ಜಮ್ಮಾ ಇದೆ, ಆದರೆ ಉಯಿಲಿನಲ್ಲಿ ಸೇರಿಸಿಲ್ಲ. ನಿನ್ನೆ ರಾತ್ರಿ ಊಟ ಆದಮೇಲೆ ಅಪ್ಪನಿಗೆ ಇದನ್ನೆಲ್ಲಾ ಓದಿ ಹೇಳಿದೆ. ತಂಗಿಗೆ ಏನೂ ಬರುವುದಿಲ್ಲ ಅಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೆಳಗಿನ ತೋಟದಲ್ಲಿ ಅವಳಿಗೂ ಪಾಲು ಬರೆಯಿರಿ ಅಂತ ನಾನೇ ಹೇಳಿದೆ. ಬರುವ ಸೋಮವಾರ ಮಡಿಕೇರಿಗೆ ಹೋಗ್ತೀವಿ.

ಒಂದೇ ಡೌಟು. ಮೇಲಿನ ತೋಟದ ಚಕ್ಕುಬಂದಿಯಲ್ಲಿ "ಪೂರ್ವಕ್ಕೆ ದೊಡ್ಡ ಹಲಸಿನ ಮರ" ಅಂತ ಇದೆ. ಆ ಮರವೂ ಗುಡ್ಡದ ಜೊತೆಗೇ ಹೋಗಿದೆ. ಅಪ್ಪ ಕೇಳ್ತಿದ್ದಾರೆ, ಈಗ ಅಲ್ಲಿ ಏನು ಬರೆಯೋದು?

ಹಳೇ ಪತ್ರ ಬರಹಗಾರ

ಸರ್ವೆ ನಂಬರ್ ಮತ್ತು ಪಕ್ಕದ ಸರ್ವೆ ನಂಬರ್ ಬರೆಯಿರಿ. ಸರ್ವೆಯವರನ್ನು ಕರೆಸಿ ಒಂದು ನಕ್ಷೆ ಮಾಡಿಸಿ. ಮರ ಬೇಡ.